ಅಬ್ಬನ ಪ್ರೆಸ್ಸು, ಮೇಡಂ ಕೊಟ್ಟ ತಗಡು

ನಮ್ಮ ಅಬ್ಬ ಇಸಾಕ್ ಸಾಬರು ಮಹಾ ಪುಕ್ಕಲು. ಖಾಕಿ ಕಂಡರೆ, ಕರೆಂಟ್ ಬಿಲ್ಲಿನವನು ಕಂಡರೆ, ಕೊನೆಗೆ ನಮ್ಮಮ್ಮಿ ಖಮರುನ್ನೀಸಾ ಜೋರಾಗಿ ಕೆಮ್ಮಿದರೂ ಬೆಚ್ಚುವರು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಕಬ್ಬಿನ ಹಾಲಿನ ಮಷೀನು ರಿಪೇರಿ ಅವರ ಕಸುಬು. ಕಬ್ಬಿಣ ಮಾತ್ರ ಅವರು ಹೇಳಿದಂತೆ ಕೇಳುತ್ತಿತ್ತು.

2003ರಲ್ಲಿ ಗುಬ್ಬಿಯಿಂದ ಡ್ರಾಯಿಂಗ್ ಮೇಡಂ ಉಮಾಮಹೇಶ್ವರಿ ನಮ್ಮ ಅಂಗಡಿಗೆ ಬಂದರು. ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಗೆರೆಗೆ ಮಸಿ ತುಂಬಿ, ಕಾಗದಕ್ಕೆ ಒತ್ತಿ ಚಿತ್ರ ತೆಗೆಯುವವರು. ಒತ್ತುವ ಪ್ರೆಸ್ಸು ಕೊಳ್ಳುವುದು ಟೀಚರ್ ಸಂಬಳದಲ್ಲಿ ಆಗುವ ಮಾತಲ್ಲ. ಹಳೇ ಕಬ್ಬಿನ ಮಷೀನಿನ ರೋಲರುಗಳನ್ನು ನುಣ್ಣಗೆ ಮಾಡಿಸಿ, ಮನೆ ಮೇಜಿನ ಮೇಲೆ ಕೂರುವಂಥದ್ದನ್ನು ಅಬ್ಬ ಕಟ್ಟಿದರು. ಅಳತೆಗೆಂದು ಮೇಡಂ ಒಂದು ತಗಡು ಬಿಟ್ಟುಹೋಗಿದ್ದರು.

ಬಫ್ ಹೊಡೆಯದೆ, ಅಂದರೆ ಉಜ್ಜಿ ಹೊಳಪು ಕೊಡದೆ, ಯಾವ ಸಾಮಾನೂ ಅಂಗಡಿ ದಾಟಕೂಡದು ಅನ್ನುವುದು ಅಬ್ಬನ ನೇಮ. ಗೀರು ಬಿದ್ದು ಮಂಕಾಗಿದ್ದ ತಗಡಿಗೂ ಹೊಡೆದರು. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅದು ಥಳಥಳ ಹೊಳೆಯುತ್ತಿತ್ತು.

"ಅಬ್ಬಾ, ಅದ್ರಲ್ಲಿ ಮೇಡಂ ಅವ್ರ ಅಮ್ಮನ ಮುಖ ಇತ್ತು," ಅಂದೆ.

ಅವರಮ್ಮ ಸಿದ್ದಲಕ್ಷ್ಮಮ್ಮ ಹಿಂದಿನ ತಿಂಗಳು ತೀರಿಕೊಂಡಿದ್ದರು. ಎದುರಿಗೆ ಕೂರಿಸಿಕೊಂಡು ಬರೆದ ಕೊನೆಯ ಚಿತ್ರ, ಇನ್ನೂ ಒಂದು ಪ್ರತಿಯೂ ಒತ್ತಿರಲಿಲ್ಲ. ಇದನ್ನೆಲ್ಲ ಮೇಡಂ ನನಗೆ ಹೇಳಿದ್ದರು. ಅಬ್ಬನಿಗೆ ಹೇಳಲು ನಾನು ಮರೆತಿದ್ದೆ.

ಅಬ್ಬ ಅಲ್ಲೇ ಕುಕ್ಕರಿಸಿದರು. "ಪೊಲೀಸಿಗೆ ಕೊಡ್ತಾರೇನಮ್ಮ ಝೋಯಾ?"

ನನಗೆ ರೇಗಿಹೋಯಿತು. ಭಯ ನನಗೂ ಇತ್ತು, ಪೊಲೀಸಿನದಲ್ಲ. ನಿಮ್ಮಮ್ಮನ ಮುಖ ಅಳಿಸಿದ್ದೀವಿ ಅಂತ ಯಾವ ಬಾಯಲ್ಲಿ ಹೇಳುವುದು?

ಭಾನುವಾರ ಲಗೇಜ್ ಆಟೋದಲ್ಲಿ ಪ್ರೆಸ್ಸು ಹಾಕಿಕೊಂಡು ಗುಬ್ಬಿಗೆ ಹೊರಟೆವು. ದಾರಿಯುದ್ದಕ್ಕೂ ಅಬ್ಬ ದುವಾ ಓದುತ್ತಿದ್ದರು. ಮೇಡಂ ಬಾಗಿಲು ತೆಗೆದದ್ದೇ ತಡ, "ತಪ್ಪಾಗೋಯ್ತು ಮೇಡಂ, ತಗಡಿಗೆ ಬಫ್ ಹೊಡ್ದ್‌ಬಿಟ್ಟೆ," ಅಂದುಬಿಟ್ಟರು.

ಮೇಡಂ ತಗಡನ್ನು ಬೆಳಕಿಗೆ ಹಿಡಿದರು. ಅವರ ಮುಖ ಬಿಳಿಚಿಕೊಂಡಿತು. ಗೆರೆ ಏನಾದರೂ ಉಳಿದಿದೆಯೇ ನೋಡಲು ಮಸಿ ತುಂಬಿ, ಒರೆಸಿ, ನೆನೆಸಿದ ಕಾಗದ ಹಾಸಿ, ಮೇಲೆ ಕಂಬಳಿ ಹೊದಿಸಿ, "ತಿರುಗ್ಸಿ," ಅಂದರು. ಅಬ್ಬ ಹಿಡಿ ತಿರುಗಿಸಿದರು.

ಕಾಗದ ಎತ್ತಿದಾಗ ಆಳವಾಗಿ ಕೊರೆದ ಗೆರೆಗಳಷ್ಟೇ ಬಂದಿದ್ದವು. ಹುಬ್ಬು, ಕಣ್ಣು, ಮೂಗು, ತುಟಿ. ಸಣ್ಣ ಗೆರೆ ಒಂದೂ ಇಲ್ಲ. ಮೇಡಂ ಅಳತೊಡಗಿದರು. ಅಬ್ಬ ಹಿಂದೆ ಸರಿದು ನನ್ನ ತೋಳು ಹಿಡಿದುಕೊಂಡರು.

"ಸುಕ್ಕೆಲ್ಲ ಹೋಗಿದೆ ಸಾಬ್ರೇ," ಅಂದರು ಮೇಡಂ. "ನನ್ನನ್ನ ಸ್ಕೂಲಿಗೆ ಬಿಡೋಕೆ ಬರ್ತಿದ್ದಾಗ ಅಮ್ಮ ಹಿಂಗೇ ಇದ್ರು."

ಕಾಫಿ ಕೊಟ್ಟರು, ಒಂದು ಬಿರುಸು ಮಾತೂ ಆಡಲಿಲ್ಲ. ಬದುಕಿದೆವು ಅಂದುಕೊಂಡು ನಾನು ಅಬ್ಬನ ಜೊತೆ ವಾಪಸ್ ಬಸ್ಸು ಹತ್ತಿದೆ. ತುಮಕೂರು ಹತ್ತಿರ ಬಂದಾಗ ಅಬ್ಬ ನನ್ನ ಕಡೆ ತಿರುಗಿದರು.

"ಆ ಸುಕ್ಕೂ ಅವ್ರಮ್ಮನ್ದೇ ಅಲ್ವೇನಮ್ಮ?" ಅಂದರು.