ಶಿವಕಾಂತಮ್ಮ ಹಚ್ಚಿದ ಪಾಳಿ

ದವಾಖಾನೆಯವರು "ಮನೆಗೆ ಒಯ್ಯಿರಿ" ಎಂದು ಕೈಚೆಲ್ಲಿದವರ ಬಳಿ ಯಾರು ಯಾವಾಗ ಕೂರಬೇಕೆಂದು ಭಂಕೂರಿನಲ್ಲಿ ಪಾಳಿ ಹಚ್ಚುವವಳು ಶಿವಕಾಂತಮ್ಮ. ಗಂಜಿ ಕುಡಿಸಲು ಮೆತ್ತನೆ ಕೈಯವರು, ಮಗ್ಗಲು ಹೊರಳಿಸಲು ಕಲ್ಲಿನ ಖಣಿಯಿಂದ ಮರಳಿದ ಗಟ್ಟಿ ಆಳುಗಳು. ನೋಡಲು ಬಂದವರು ಹೊರಗೆ ಕಟ್ಟೆಯ ಮೇಲೆ ಅತ್ತು ಮುಗಿಸಿಯೇ ಒಳಗೆ ಬರಬೇಕು. ಬಾಯಿಬಡುಕ ಸಾಯಬಣ್ಣನಿಗೆ ಮಾತ್ರ ಎಂದೂ ನೀರು ತರುವ ಕೆಲಸವೇ.

"ನನಗೂ ಒಂದು ಪಾಳಿ ಹಚ್ಚು ಯಕ್ಕಾ" ಎಂದು ಅವನು ಕೇಳಿದರೆ, "ನೀ ಮಾತಾಡ್ಕೋತ ಕುಂತ್ರ ನಾಳೆ ಹೋಗಾವ್ರು ಇವತ್ತೇ ಹೋಗ್ತಾರ, ಕೊಡ ಎತ್ತು" ಎನ್ನುತ್ತಿದ್ದಳು.

ಕಡೆಗೆ ಅವಳೇ ಹಾಸಿಗೆ ಹಿಡಿದಳು. ಮಲಗಿದಲ್ಲಿಂದಲೇ ಪಾಳಿ ಹಚ್ಚಿದಳು. ಎಲ್ಲಕ್ಕಿಂತ ಉದ್ದನೆಯದು ಸಾಯಬಣ್ಣನಿಗೆ! ಎಲ್ಲರೂ ಮುಖ ಮುಖ ನೋಡಿಕೊಂಡರು.

"ಏನು ನೋಡ್ತೀರಿ?" ಎಂದಳು. "ಇವನ ಮಾತು ಮುಗಿಯೂತನಾ ಯಮನೂ ಕಟ್ಟಿ ಮ್ಯಾಲೇ ಕುಂದ್ರಬೇಕು."