ಬ್ರೇಕಕ್ಕನ ಬಲಗಾಲು

ಡ್ರೈವಿಂಗ್ ಕಲಿಸುತ್ತಿದ್ದ ಆಕೆಯನ್ನು ಎಲ್ಲರೂ ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಆಕೆಯ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಇತ್ತು. ಕಲಿಯುವವರು ಗಾಬರಿಯಾಗಿ ಎತ್ತಲೋ ನುಗ್ಗಿಸುವಷ್ಟರಲ್ಲಿ ಆಕೆಯ ಬಲಗಾಲು ಅದರ ಮೇಲೆ ಕೂತಾಗಿರುತ್ತಿತ್ತು. ಬಾಯಿ ಜೋರು, ಕಾಲು ಅದಕ್ಕಿಂತ ಚುರುಕು. "ನೀವು ಸ್ಟೀರಿಂಗ್ ಹಿಡ್ಕೊಳ್ಳಿ, ನಿಮ್ಮ ಜೀವ ನಾನು ಹಿಡ್ಕೊಂಡಿರ್ತೀನಿ" ಎಂದು ಮೊದಲ ದಿನವೇ ಹೇಳಿಬಿಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ ಅದು. ತಮ್ಮನ ಗ್ಯಾರೇಜಿನ ಮೇಲಿದ್ದ ಎರಡು ಕೋಣೆಗಳೇ ಆಕೆಯ ಮನೆ. ಯಾರ ಹಂಗೂ ಇಲ್ಲದೆ ಬದುಕಿದ್ದಳು.

ಒಮ್ಮೆ ಮುಂದಿನ ಚಕ್ರ ಕಾದು ಸುಟ್ಟ ವಾಸನೆ ಬರತೊಡಗಿತು. ತಮ್ಮ, ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕ್ ಕ್ಯಾಲಿಪರ್, ಪ್ಯಾಡ್‌ಗಳನ್ನು ಎರಡೂ ಕಡೆ ಬದಲಾಯಿಸಿಕೊಟ್ಟ. ಮರುದಿನ ಹೊಲಿಗೆ ಅಂಗಡಿಯವಳಿಗೆ ಪಾಠ. ಐವತ್ತು ದಾಟಿದ ಹೆಂಗಸು, ಕಲಿಯುವ ಹುಮ್ಮಸ್ಸು ಮಾತ್ರ ಇಪ್ಪತ್ತರದು.

"ಕ್ಲಚ್ಚನ್ನ ಮಷೀನ್ ತುಳಿದ ಹಾಗೆ ತುಳೀಬೇಡಿ. ಇಲ್ಲಿ ಮುಂದಕ್ಕೆ ಹೋಗೋದು ಬಟ್ಟೆ ಅಲ್ಲ, ನಾವು" ಎಂದು ಬ್ರೇಕಕ್ಕ ಗದರುತ್ತಿದ್ದಾಗಲೇ ಮುಂದೆ ಹೋಗುತ್ತಿದ್ದ ಲಾರಿ ನಿಂತಿತು. ಬ್ರೇಕಕ್ಕ ಒತ್ತಿದಳು. ಪೆಡಲ್ ಮೆತ್ತಗೆ ಕೆಳಗಿಳಿಯಿತೇ ಹೊರತು ಕಾರು ಕೂಡಲೇ ನಿಲ್ಲಲಿಲ್ಲ. ಲಾರಿಯ ಹಿಂಬದಿಗೆ ಇನ್ನೇನು ಗೇಣುದ್ದ ಇದೆ ಎನ್ನುವಾಗ ನಿಂತಿತು.

"ಬ್ರೇಕ್ ಆಯಿಲಲ್ಲಿ ಗಾಳಿ ಸೇರ್ಕೊಂಡಿದೆ" ಎಂದ ತಮ್ಮ. ಹೊಸ ಆಯಿಲ್ ಹಾಕಿ ಗಾಳಿ ತೆಗೆದ. ಮತ್ತೆ ಮೆತ್ತಗೆ. ಮತ್ತೆ ತೆಗೆದ. ಕೊನೆಗೆ ಕಾರಿನ ಅಡಿ ಮಲಗಿದ್ದವನು ಎದ್ದು ಬಂದು ಹಣೆ ಚಚ್ಚಿಕೊಂಡ. ಎಡಗಡೆಯ ಕ್ಯಾಲಿಪರನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಕೂರಿಸಿದ್ದ. ಗಾಳಿ ಬಿಡುವ ತಿರುಪು ಮೇಲೆ ಇರಬೇಕಾದದ್ದು ಕೆಳಗಾಗಿತ್ತು. ಎಷ್ಟು ಆಯಿಲ್ ಹರಿಸಿದರೂ ಗಾಳಿ ಮೇಲೆಯೇ ಕೂತಿತ್ತು.

"ಹೊಸಬರೂ ಮಾಡಲ್ಲ ಅಕ್ಕ, ಇಂಥ ಕೆಲಸ!"

"ಚಿಕ್ಕೋನಿದ್ದಾಗ ಚಪ್ಪಲಿನೂ ಹೀಗೇ ಹಾಕ್ಕೋತಿದ್ದೆ. ಬುದ್ಧಿ ಬೆಳೀಲೇ ಇಲ್ಲ ನೋಡು" ಎಂದು ಆಕೆ ನಕ್ಕಳು. ಅಕ್ಕ ತಮ್ಮ ಇಬ್ಬರೂ ಮನಸಾರೆ ನಕ್ಕದ್ದು ಅದೇ ಕೊನೆ.

ಸರಿಪಡಿಸಿದ ಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಆದರೂ ಆಕೆ ಒತ್ತಿದರೆ ಕಾರು ಮನಸ್ಸಿಲ್ಲದ ಮನಸ್ಸಿನಿಂದ ನಿಲ್ಲುತ್ತಿತ್ತು. ಹೊಸ ಪ್ಯಾಡು, ಸ್ವಲ್ಪ ಸವೆಯಲಿ ಎಂದ ತಮ್ಮ. ಸವೆಯಿತು, ವ್ಯತ್ಯಾಸವಾಗಲಿಲ್ಲ. ಬ್ರೇಕ್ ಆಯಿಲನ್ನು ಚಕ್ರಕ್ಕೆ ತಳ್ಳುವ ಮಾಸ್ಟರ್ ಸಿಲಿಂಡರ್ ಬದಲಾಯಿಸಿದ. ಎರಡು ಪೆಡಲ್‌ಗಳನ್ನು ಜೋಡಿಸುವ ಕೇಬಲನ್ನೂ ಬದಲಾಯಿಸಿದ. ಪ್ರತಿ ಸಲವೂ ತಾನೇ ಡ್ರೈವರ್ ಸೀಟಿನಲ್ಲಿ ಕೂತು ಒಂದು ಸುತ್ತು ಹೋಗಿ ಬಂದು, "ನನಗೆ ಸರಿಯಾಗೇ ನಿಲ್ತಿದೆಯಲ್ಲ" ಎನ್ನುತ್ತಿದ್ದ.

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

"ನಾನು ಹಾಗಂದ್ನಾ?"

"ಅನ್ನೋದು ಬೇರೆ ಬೇಕಾ?"

ಮಾತಿಗೆ ಮಾತು ಬೆಳೆದು ಇಬ್ಬರೂ ಮುಖ ತಿರುಗಿಸಿಕೊಂಡರು.

ಹೀಗಿರುವಾಗ ಹೊಲಿಗೆ ಅಂಗಡಿಯವಳು ಒಂದು ತಿರುವಿನಲ್ಲಿ ಕಾರನ್ನು ಕಾಂಪೌಂಡ್ ಗೋಡೆಯತ್ತ ಬಿಟ್ಟಳು. ಬ್ರೇಕಕ್ಕ ಇದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿದಳು. ಗೋಡೆ ಬರುತ್ತಲೇ ಇತ್ತು. ಇದ್ದಕ್ಕಿದ್ದಂತೆ ಕಾರು ಗಕ್ಕನೆ ನಿಂತಿತು.

"ನಾನೇ ಒತ್ತಿದೆ ಅಕ್ಕಾ! ನಾನೇ ನಿಲ್ಲಿಸಿದೆ!" ಎಂದು ಆ ಹೆಂಗಸು ಪರೀಕ್ಷೆ ಪಾಸಾದವಳಂತೆ ಹಿಗ್ಗಿದಳು. ಬ್ರೇಕಕ್ಕ ಬಗ್ಗಿ ತನ್ನ ಪೆಡಲನ್ನು ನೋಡಿದಳು. ಅದೇ ಬ್ರೇಕು, ಅದೇ ಚಕ್ರ.

ಗ್ಯಾರೇಜಿಗೆ ಬಂದವಳೇ ಮುನಿಸು ಬದಿಗಿಟ್ಟು ತಮ್ಮನನ್ನು ಕರೆದಳು. "ನೀನು ನನ್ನ ಸೀಟಲ್ಲಿ ಕೂತ್ಕೋ. ನಾನು ಓಡಿಸ್ತೀನಿ. ನೀನು ಒತ್ತು." ಗ್ಯಾರೇಜಿನ ಹಿಂದಿನ ಖಾಲಿ ಜಾಗದಲ್ಲಿ ಕಾರು ಸ್ವಲ್ಪ ವೇಗ ಹಿಡಿಯುತ್ತಲೇ ತಮ್ಮ ಒತ್ತಿದ. ಆಕೆಯ ಹಣೆ ಸ್ಟೀರಿಂಗಿಗೆ ತಾಗುವುದೊಂದು ಬಾಕಿ.

ತಮ್ಮ ಗೆದ್ದೆನೆಂದು ಬೀಗಲಿಲ್ಲ. ಇಳಿದು ಬಂದು ಆಕೆಯ ಕಡೆಯ ಬಾಗಿಲು ತೆಗೆದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಆಕೆಯ ಬಲಪಾದವನ್ನು ತನ್ನ ಆಯಿಲ್ ಮೆತ್ತಿದ ಅಂಗೈ ಮೇಲೆ ಇಟ್ಟುಕೊಂಡ.

"ಒತ್ತು ಅಕ್ಕ."

ಆಕೆ ಒತ್ತಿದಳು.

"ಜೋರಾಗಿ ಒತ್ತು."

"ಒತ್ತಿದೀನಲ್ಲೋ."

ತಮ್ಮನ ಅಂಗೈ ಒಂದಿಷ್ಟೂ ಕೆಳಗಿಳಿಯಲಿಲ್ಲ. ಈಚೆಗೆ ಮೆಟ್ಟಿಲ ಮೇಲೆ ಬಲಗಾಲಿನ ಚಪ್ಪಲಿ ಜಾರಿ ಜಾರಿ ಬೀಳುತ್ತಿದ್ದುದು, ತಾನು ಪಟ್ಟಿ ಸಡಿಲವಾಗಿದೆ ಎಂದು ಬೈದುಕೊಂಡದ್ದು ಆಕೆಗೆ ನೆನಪಾಯಿತು.

ಆಸ್ಪತ್ರೆಯಲ್ಲಿ ಕಾಲಿಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ನರ ಸೊರಗುತ್ತಾ ಬಂದಿದೆ, ಹೋದ ಶಕ್ತಿ ಮತ್ತೆ ಬರುವುದಿಲ್ಲ, ಈ ಕಾಯಿಲೆ ಎಡಗಾಲಿಗೂ ಹರಡಬಹುದು ಎಂದರು ಡಾಕ್ಟರು. "ಇದಕ್ಕೆ ಔಷಧಿ?" ಎಂದು ತಮ್ಮ ಕೇಳಿದ. "ನೋವಿಗೆ ಕೊಡ್ತೀನಿ" ಎಂದರು. ಆಕೆಗೆ ನೋವೇ ಇರಲಿಲ್ಲ.

ಪಾಠ ನಿಂತಿತು. ಹೊಲಿಗೆ ಅಂಗಡಿಯವಳು ಒಂದೆರಡು ಸಲ ಹಣ್ಣು ಹಿಡಿದು ಬಂದಳು, ಆಮೇಲೆ ಬೇರೆ ಕಡೆ ಕಲಿಯತೊಡಗಿದಳು. ಅದನ್ನು ಹೇಳಲಾರದೆ ಬರುವುದನ್ನೇ ಬಿಟ್ಟಳು. ತಮ್ಮ ಪಕ್ಕದ ಪೆಡಲನ್ನು ಬಿಚ್ಚಿ, ನೆಲದ ತೂತಿಗೆ ರಬ್ಬರ್ ಬಿರಡೆ ಬಡಿದು ಕಾರು ಮಾರಿದ. ಕಾರಿನ ಮೇಲಿದ್ದ ಅವನ ಸಿಟ್ಟು ಈಗ ಅವನ ಮೇಲೆಯೇ ತಿರುಗಿತು.

"ನಾನು ಆವತ್ತು ಕ್ಯಾಲಿಪರ್ ಉಲ್ಟಾ ಹಾಕದೇ ಇದ್ದಿದ್ರೆ ಬ್ರೇಕಿನ ಮೇಲೆ ಅನುಮಾನ ಬರ್ತಿರಲಿಲ್ಲ, ಕಾಲಿನ ವಿಷಯ ಮೊದಲೇ ಗೊತ್ತಾಗ್ತಿತ್ತು ಅಕ್ಕ" ಎಂದು ಊಟದ ತಟ್ಟೆ ಮುಂದೆ ಕೂತು ಪದೇ ಪದೇ ಹೇಳುತ್ತಿದ್ದ.

"ಮೊದಲೇ ಗೊತ್ತಾಗಿದ್ರೂ ಏನೂ ಮಾಡೋಕಾಗ್ತಿರಲಿಲ್ಲ ಅಂತ ಡಾಕ್ಟ್ರು ನನಗೆ ಹೇಳಿದಾರೆ. ಸುಮ್ನೆ ಉಣ್ಣು" ಎಂದು ಆಕೆ ಗದರಿದಳು. ಡಾಕ್ಟರು ಹಾಗೆ ಹೇಳಿರಲಿಲ್ಲ. ಆಕೆ ಕೇಳಿಯೂ ಇರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಮೆಟ್ಟಿಲು ಹತ್ತುವುದು ಆಗದೆಹೋಯಿತು. ಗ್ಯಾರೇಜಿನ ಹಿಂದೆ ಹಳೆ ಟೈರು ತುಂಬಿದ್ದ ಕೋಣೆಯನ್ನು ಖಾಲಿ ಮಾಡಿ ತಮ್ಮನೂ ಅವನ ಹೆಂಡತಿಯೂ ಸುಣ್ಣ ಬಳಿದರು. ಎಷ್ಟು ತೊಳೆದರೂ ರಬ್ಬರಿನ ವಾಸನೆ ಹೋಗಲಿಲ್ಲ. ಆಕೆ ಮಂಚದ ಅಂಚಿನಲ್ಲಿ ಕೂತು, ಯಾರೂ ಇಲ್ಲದಾಗ, ಎಡಪಾದವನ್ನು ಗೋಡೆಗೆ ಕೊಟ್ಟು ಒತ್ತಿ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಹಾಗೆ ಒತ್ತಿದಾಗ ಪಾದ ಜಾರಿತು. ಇನ್ನೊಮ್ಮೆ ಒತ್ತಿ, ಕಾಲನ್ನು ಮಂಚದ ಮೇಲೆಳೆದುಕೊಂಡು ಹೊದ್ದುಕೊಂಡಳು. ತಮ್ಮನಿಗೆ ಅದನ್ನು ಹೇಳಲಿಲ್ಲ.