ರಾತ್ರಿಯ ಗುಳಿಗೆ ತಂದ ಕನಸುಗಳು

ಆ ವರ್ಷಗಳಲ್ಲಿ ಬಿದ್ದಂಥ ಕನಸುಗಳು ನನಗೆ ಮತ್ತೆಂದೂ ಬೀಳಲಿಲ್ಲ. ಅವುಗಳ ಬಣ್ಣ ಎಚ್ಚರದಲ್ಲಿ ಕಾಣುವ ಬಣ್ಣಕ್ಕಿಂತ ಗಾಢವಾಗಿರುತ್ತಿತ್ತು, ವಾಸನೆ ಕೂಡ ಬರುತ್ತಿತ್ತು. ಬೆಳಿಗ್ಗೆ ಎದ್ದು ಚಹಾಕ್ಕೆ ನೀರಿಡುವಾಗಲೂ ನಾನು ಅರ್ಧ ಅಲ್ಲಿಯೇ ಇರುತ್ತಿದ್ದೆ. ಗಂಡ ಪಕ್ಕದ ಕೋಣೆಯಲ್ಲಿ ಕೆಮ್ಮಿದಂತಾಗಿ ಎರಡು ಲೋಟ ತೆಗೆದಿಟ್ಟುಬಿಡುತ್ತಿದ್ದೆ. ಆಮೇಲೆ ಒಂದನ್ನು ಮೆಲ್ಲಗೆ ಕಪಾಟಿಗೆ ಮರಳಿಸುತ್ತಿದ್ದೆ.

ನನ್ನ ತವರು ಬನವಾಸಿಯ ಕಡೆ. ಮದುವೆಯಾಗಿ ಬಂದದ್ದು ಯಲ್ಲಾಪುರಕ್ಕೆ. ಗಂಡ ಲಾರಿ ಡ್ರೈವರ್. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ, ಮತ್ತೆ ಅಲ್ಲಿಂದ ಕೆಳಗೆ, ಹೀಗೆ ಓಡಾಡುತ್ತಲೇ ಇದ್ದವನು ತೊಂಬತ್ತರ ದಶಕದ ಕೊನೆಯಲ್ಲಿ ಹಾಸಿಗೆ ಹಿಡಿದು ಮಲಗಿದ. ಜ್ವರ, ಭೇದಿ, ಬಾಯಿಹುಣ್ಣು. ರಕ್ತ ಪರೀಕ್ಷೆಯಾದಾಗ ಎಚ್‌ಐವಿ ಎಂದರು. ಅದಕ್ಕೆ ಔಷಧ ಎಲ್ಲೋ ಇದೆ ಎಂದು ಕೇಳಿದ್ದೆವೇ ಹೊರತು ನಮ್ಮ ಕೈಗೆ ಎಟುಕುವಂಥದ್ದು ಇರಲಿಲ್ಲ. ಅವನು ಹೋದ ಮೇಲೆ ನನ್ನ ರಕ್ತದಲ್ಲಿಯೂ ಅದೇ ಇರುವುದು ತಿಳಿಯಿತು. ನಾನು ಹೊಲಿಗೆ ಯಂತ್ರದ ಮುಂದೆ ಕೂತೆ. ಕೂತೇ ಇದ್ದೆ ಎನ್ನಬೇಕು. ನನ್ನ ಸರದಿ ಯಾವಾಗ ಎಂದು ಯೋಚಿಸುತ್ತ ಊರ ಹೆಂಗಸರ ಬ್ಲೌಸ್ ಹೊಲಿಯುತ್ತಿದ್ದೆ.

ಕೆಲವು ವರ್ಷ ಕಳೆದ ಮೇಲೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ಸರ್ಕಾರವೇ ಗುಳಿಗೆ ಕೊಡತೊಡಗಿತು. ಮೊದಲು ಕೊಟ್ಟದ್ದು ನನಗೆ ಒಗ್ಗಲಿಲ್ಲ, ಮೈಯೆಲ್ಲ ಕೆಂಪು ಗಂಧೆ ಎದ್ದಿತು. ಡಾಕ್ಟರು ಅದನ್ನು ಬಿಡಿಸಿ, ರಾತ್ರಿ ಮಲಗುವಾಗ ನುಂಗುವ ಬೇರೊಂದು ಗುಳಿಗೆ ಸೇರಿಸಿದರು. "ಇದರಿಂದ ಕನಸು ಜಾಸ್ತಿ ಬೀಳ್ತಾವು, ಹೆದರಬ್ಯಾಡ" ಎಂದರು. ನಾನು ಹೆದರಲಿಲ್ಲ. ಸತ್ತವನು ಕನಸಿಗಾದರೂ ಬರುತ್ತಾನಲ್ಲ ಎಂದುಕೊಂಡೆ. ಮೈಗೆ ಮಾಂಸ ಬಂತು. ಕನ್ನಡಿಯಲ್ಲಿ ಮತ್ತೆ ನಾನೇ ಕಾಣತೊಡಗಿದೆ.

ಆಗ ಎಚ್‌ಐವಿ ಇದ್ದವರಿಗೆ ನೆರವಾಗುವ ಒಂದು ಸಂಸ್ಥೆಯವರು ನನ್ನನ್ನು ಕರೆದು ಕೇಳಿದರು: ಗುಳಿಗೆ ಶುರುಮಾಡಿ ನಡುವೆ ಬಿಟ್ಟವರಿದ್ದಾರೆ, ಅವರ ಮನೆಗೆ ಹೋಗಿ ಮಾತಾಡಿಸಿ ಮತ್ತೆ ಆಸ್ಪತ್ರೆಗೆ ಕರೆತರಬೇಕು, ಆಗುತ್ತದೆಯೇ? ಆಗುತ್ತದೆ ಎಂದೆ. ಸಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳ ಹಳ್ಳಿಗಳು ನನ್ನ ಪಾಲಿಗೆ ಬಂದವು. ಆದರೆ ಹಳ್ಳಿಯಲ್ಲಿ ಹೊಸಬಳೊಬ್ಬಳು ಬಸ್ಸಿಳಿದರೆ ಯಾರ ಮನೆಗೆ, ಯಾಕೆ ಎಂದು ಕೇಳದೆ ಬಿಡುವವರಿಲ್ಲ. ಹಾಗಾಗಿ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು, ಬ್ಲೌಸ್ ಹೊಲಿಯುವವಳು ಎಂದು ಹೇಳುತ್ತಿದ್ದೆ. ಅದು ಸುಳ್ಳೇನೂ ಆಗಿರಲಿಲ್ಲ. ಹೋದಲ್ಲೆಲ್ಲ ಹೆಂಗಸರು ನಿಜವಾಗಿಯೂ ಬಟ್ಟೆ ತಂದುಕೊಡುತ್ತಿದ್ದರು. ಮನೆಗೆ ಬಂದು ಅವನ್ನೆಲ್ಲ ಹೊಲಿಯಲೇಬೇಕಾಗುತ್ತಿತ್ತು. ಬಿಳಗಿಯ ಹತ್ತಿರ ಬಸ್ಸಿಗೆ ಕಾಯುತ್ತ, ತೊಡೆಯ ಮೇಲಿನ ಚೀಲದಲ್ಲಿ ಯಾರದೋ ಹಬ್ಬದ ರೇಷ್ಮೆ ಇಟ್ಟುಕೊಂಡು ತೂಕಡಿಸಿದ ಮಧ್ಯಾಹ್ನಗಳು ಈಗಲೂ ಕಣ್ಣಿಗೆ ಕಟ್ಟಿವೆ. ಹಿಂದಿನ ರಾತ್ರಿಯ ಕನಸು ಮುಗಿದಿರುತ್ತಿರಲಿಲ್ಲ. ಬಿಸಿಲು, ರಸ್ತೆ, ಎದುರಿನ ಕಟ್ಟೆಯ ಮೇಲೆ ಮಲಗಿದ ನಾಯಿ, ಎಲ್ಲವೂ ಅದರದೇ ಮುಂದಿನ ಭಾಗದಂತೆ ಕಾಣುತ್ತಿದ್ದವು.

ಮತ್ತಿಘಟ್ಟದ ಆಚೆಗೆ, ರಸ್ತೆಯ ಅಂಚಿನ ಹೆಂಚಿನ ಮನೆಯೊಂದರಲ್ಲಿ ಅಡುಗೆಯವರೊಬ್ಬರಿದ್ದರು. ಮದುವೆ, ಮುಂಜಿ, ಶ್ರಾದ್ಧ ಏನೇ ಇದ್ದರೂ ಸುತ್ತಲಿನ ಮನೆಗಳು ಅವರನ್ನೇ ಕರೆಯುತ್ತಿದ್ದವು. ಅವರಿಗೆ ಮೊದಲು ಕ್ಷಯ ಬಂದಿತ್ತು, ಆಗಲೇ ಎಚ್‌ಐವಿ ಇರುವುದೂ ತಿಳಿದಿತ್ತು. ಹೆಂಡತಿಯ ರಕ್ತದಲ್ಲಿ ಏನೂ ಇರಲಿಲ್ಲ. ಕೆಲವು ತಿಂಗಳು ಹುಬ್ಬಳ್ಳಿಗೆ ಬಂದು ಗುಳಿಗೆ ಒಯ್ದವರು ಆಮೇಲೆ ಬರುವುದನ್ನು ನಿಲ್ಲಿಸಿದ್ದರು.

ಮೊದಲ ಸಲ ಹೋದಾಗ ನೆರೆಮನೆಯ ಮುದುಕಿಯೊಬ್ಬರು ಜಗುಲಿಯಲ್ಲೇ ಕೂತಿದ್ದರು. ಬ್ಲೌಸ್ ಎಂದ ಕೂಡಲೇ ಅವರು ಮನೆಗೆ ಹೋಗಿ ಒಂದು ತುಂಡು ಬಟ್ಟೆ ತಂದುಕೊಟ್ಟು, ತೋಳು ಸಡಿಲವಿರಲಿ ಎಂದು ಹೇಳಿ ಹೊರಟರು. ಆಮೇಲೆ ನಾನು ಅಡುಗೆಯವರ ಹೆಂಡತಿಗೆ ಬಂದ ಕಾರಣ ಹೇಳಿದೆ. ಅವರು ಸೆರಗಿನ ತುದಿ ತಿರುವುತ್ತ ಒಳಗೆ ನೋಡಿದರು. ಒಳಗಿನಿಂದ ಗಂಡಸಿನ ದನಿ ಬಂತು.

"ನಂಗೆ ಯಾವ ಗುಳಿಗೆಯೂ ಬೇಡ ಹೇಳಿ ಹೇಳು."

ಅವರು ಹೊರಗೆ ಬರಲೇ ಇಲ್ಲ. ನಾನು ನೀರು ಕುಡಿದು ಎದ್ದೆ.

ಹೊಲಿದ ಬ್ಲೌಸ್ ಕೊಡಲು ಮತ್ತೆ ಹೋದಾಗ ಅಡುಗೆಯವರೇ ಜಗುಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದರು. ಮೈ ಇಳಿದಿತ್ತು. ನಾನು ಗುಳಿಗೆಯ ಮಾತೆತ್ತಲಿಲ್ಲ. ಮೆಟ್ಟಿಲ ಮೇಲೆ ಕೂತು, "ನಿದ್ದಿ ಹೆಂಗ ಬರ್ತದ್ರಿ ಅಣ್ಣಾ?" ಎಂದು ಕೇಳಿದೆ. ಯಾಕೆ ಹಾಗೆ ಕೇಳಿದೆನೋ. ಆ ಬೆಳಿಗ್ಗೆ ನನಗೇ ಕನಸಿನ ಗುಂಗು ಬಿಟ್ಟಿರಲಿಲ್ಲ, ಅದಕ್ಕೇ ಇರಬೇಕು.

ಅವರು ಇನ್ನೊಂದು ಎಲೆಗೆ ಸುಣ್ಣ ಸವರಿದರು.

"ಈಗ ಬರ್ತದೆ. ಗುಳಿಗೆ ಬಿಟ್ಟ ಮೇಲೆ ಬರ್ತದೆ" ಎಂದರು. ಆಮೇಲೆ ತಾವಾಗಿಯೇ ಶುರುಮಾಡಿದರು. "ಗುಳಿಗೆ ನುಂಗಿದ ರಾತ್ರಿ ಕನಸಲ್ಲಿ ಸಾಲು ಸಾಲು ಬಾಳೆಲೆ ಹಾಕಿರ್ತದೆ. ಚಪ್ಪರ ಮುಗಿದರೂ ಸಾಲು ಮುಗಿಯೂದಿಲ್ಲ. ರಸ್ತೆ ದಾಟಿ, ಗದ್ದೆ ದಾಟಿ ಹೋಗಿರ್ತದೆ. ಕೂತವರೆಲ್ಲ ಸತ್ತವರು. ನನ್ನ ಅಪ್ಪ ಇರ್ತಾನೆ, ನನಗೆ ಅಡುಗೆ ಕಲಿಸಿದ ಸೋದರಮಾವ ಇರ್ತಾನೆ. ನಾನು ಬಡಿಸ್ತಾ ಹೋಗ್ತೇನೆ. ಅನ್ನದ ಹಬೆ ಮುಖಕ್ಕೆ ಹೊಡಿತದೆ, ಅಷ್ಟು ಖರೆ. ಆದರೆ ಒಬ್ಬರೂ ಎಲೆಗೆ ಕೈ ಹಾಕೂದಿಲ್ಲ. ಸುಮ್ಮನೆ ನನ್ನ ಮುಖ ನೋಡ್ತಾರೆ. ದಿನಾ ಇದೇ. ಅವರಿಗೆಲ್ಲ ನನ್ನ ರೋಗ ಗೊತ್ತಾಗಿದೆ ಅಂದ್ಕೊಂಡೆ. ಈ ಗುಳಿಗೆ ಬಿಡು ಅಂತ ಹೇಳ್ತಿದ್ದಾರೆ ಅಂದ್ಕೊಂಡೆ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದರು, "ಎಂತಕ್ಕೆ ನಂಗೆ ಹೇಳಿದ್ರಿಲ್ಲೆ?"

"ಎಂತ ಹೇಳದು ಮಾರಾಯ್ತಿ. ನಿಂಗೆ ಹೆದರಿಕೆ ಆಗ್ತು."

ನಾನು ಹೇಳಿದೆ, "ಅಣ್ಣಾ, ಅದು ಸತ್ತವರು ಹೇಳೂದಲ್ರಿ. ಆ ಗುಳಿಗಿ ಗುಣಾನ ಹಂಗ. ನನಗೂ ಬೀಳ್ತಾವ. ನಾನೂ ಅದನ್ನೇ ತಗೊಳ್ತೇನ್ರಿ."

ಕವಳ ಕಟ್ಟುತ್ತಿದ್ದ ಅವರ ಕೈ ನಿಂತಿತು. "ನೀವೂ?"

"ಹೌದ್ರಿ. ನಾನೂ."

ನನ್ನ ಕನಸನ್ನು ಹೇಳಿದೆ. ಅರಬೈಲ್ ಘಟ್ಟದ ರಸ್ತೆ ನನ್ನ ಹೊಲಿಗೆ ಯಂತ್ರದ ಸೂಜಿಯ ಕೆಳಗಿನಿಂದ ಕಪ್ಪು ಬಟ್ಟೆಯಂತೆ ಹೊರಬರುತ್ತ ಹೋಗುತ್ತದೆ. ನಾನು ಹೊಲಿದಷ್ಟೂ ಲಾರಿ ಮುಂದೆ ಬರುತ್ತದೆ. ಸುತ್ತಲೂ ಮಂಜಿನ ಕಾವಳ. ಗಂಡ ಕಿಟಕಿಯಿಂದ ಕೈ ಹೊರಗಿಟ್ಟು ಏನೋ ಹಾಡಿಕೊಳ್ಳುತ್ತಿರುತ್ತಾನೆ, ಮದುವೆಯಾದ ಹೊಸದರಲ್ಲಿದ್ದ ಮುಖ. ಕಾಲು ನೋಯುತ್ತದೆ ಎಂದು ಪೆಡಲ್ ನಿಲ್ಲಿಸಿದರೆ ಎಚ್ಚರಾಗುತ್ತದೆ.

"ನಿಲ್ಲಿಸಬೇಡ್ರಿ ಮತ್ತೆ" ಎಂದರು ಅವರು, ತೀರ ಗಂಭೀರವಾಗಿ. ನಂತರ ಮೂವರಿಗೂ ನಗು ಬಂತು. ಅವರ ಹೆಂಡತಿ ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

ಮುಂದಿನ ವಾರ ಅವರು ಹುಬ್ಬಳ್ಳಿಗೆ ಬಂದರು. ಸಿರಸಿಯಿಂದ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ, ಗುರುತಿಲ್ಲದವರಂತೆ ಕೂತು ಹೋದೆವು. ಡಾಕ್ಟರು ಬಯ್ಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರು, ಕನಸಿನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಮೊದಲೇ ಹೇಳಿದ್ದೆನಲ್ಲ ಎಂದರು. ಹೇಳಿದ್ದಿರಬೇಕು. ಆದರೆ ಮೊದಲು ಗುಳಿಗೆ ಕೊಟ್ಟ ಆ ದಿನ ಅಡುಗೆಯವರ ಕಿವಿಗೆ ಯಾವ ಮಾತೂ ಇಳಿದಿರಲಿಲ್ಲ.

"ಗುಳಿಗಿ ಯಾವಾಗ ನುಂಗ್ತೀರಿ?" ಡಾಕ್ಟರು ಕೇಳಿದರು.

"ಊಟ ಆದ ಕೂಡಲೇ. ಮದುವೆಮನೆಯಲ್ಲಿ ಎಲ್ಲರದ್ದೂ ಮುಗಿದ ಮೇಲೆ ನಮ್ಮ ಊಟ."

"ತುಪ್ಪ, ಹೋಳಿಗಿ, ಎಲ್ಲಾ?"

"ಎಲ್ಲ."

"ಅದಕ್ಕ ಮತ್ತ! ಜಿಡ್ಡಿನ ಊಟದ ಮ್ಯಾಲೆ ನುಂಗಿದ್ರ ಗುಳಿಗಿ ಜೋರಾಗಿ ಹತ್ತತದ. ಸಂಜೆ ಲಗೂನ ಹಗುರಾಗಿ ಉಂಡುಬಿಡ್ರಿ, ಮಲಗೂ ಮುಂದ ನುಂಗ್ರಿ."

ಅಷ್ಟೇ. ಮರಳಿ ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಗೆ ತಲೆಯಿಟ್ಟು ಮಲಗಿದ್ದರು. ಮಗುವಿನಂತೆ ಬಾಯಿ ತೆರೆದಿತ್ತು. ನನಗೆ ಎಬ್ಬಿಸಲು ಮನಸ್ಸಾಗಲಿಲ್ಲ, ಅವರೇ ಸಿರಸಿ ಬಂದಾಗ ಎದ್ದರು.

ಕನಸು ಪೂರ್ತಿ ಹೋಗಲಿಲ್ಲ, ತಿಳಿಯಾಯಿತು. ಮದುವೆಮನೆಗಳಿಗೆ ಹೋಗುವಾಗ ಗುಳಿಗೆಯನ್ನು ಕವಳದ ಸಂಚಿಯ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಪ್ರತಿ ತಿಂಗಳು ಸಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಸಿಕ್ಕಾಗ ಯಾರಿಗೂ ಕೇಳದಂತೆ, "ಈ ಸಲ ಎಲ್ಲಿವರೆಗೆ ಬಂತು ನಿಮ್ಮ ಲಾರಿ?" ಎಂದು ಕೇಳುತ್ತಿದ್ದರು. ನಾನೂ ಸಾಲು ಎಷ್ಟು ದೂರ ಹೋಗಿತ್ತೆಂದು ಕೇಳುತ್ತಿದ್ದೆ. ನಮ್ಮಿಬ್ಬರನ್ನು ಆಸ್ಪತ್ರೆಯ ದಾರಿಯಲ್ಲಿ ಇಟ್ಟದ್ದು ಸಂಸ್ಥೆಯವರು ನನಗೆ ಕಲಿಸಿದ್ದ ಮಾತುಗಳಿಗಿಂತ ಇದೇ ಹೆಚ್ಚು ಎಂದು ಈಗ ಅನಿಸುತ್ತದೆ.

ಎರಡು ಮೂರು ವರ್ಷ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ಅವರು ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ನಾನು ಮಾರನೆಯ ದಿನವೇ ಹೋದೆ. ಮನೆಯಲ್ಲಿ ಒಲೆಯ ಹೊಗೆಯೇ ಇರಲಿಲ್ಲ. ಸಿದ್ದಾಪುರದ ಕಡೆಯ ಮದುವೆಯೊಂದಕ್ಕೆ ಅವರನ್ನು ಕರೆದಿದ್ದರಂತೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವರನ್ನು ಯಾರೋ ಕಂಡು ಆ ಮನೆಗೆ ಸುದ್ದಿ ಮುಟ್ಟಿಸಿದ್ದಾರೆ. ಬರುವುದು ಬೇಡ ಎಂದು ಹೇಳಿಕಳಿಸಿದ್ದಾರೆ. ಆ ಮಾತು ಇವರ ಊರಿಗೂ ಬಂದು ತಲುಪಿದೆ. ಅಡುಗೆಯವರು ಹಿತ್ತಿಲ ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು.

"ನೋಡಿದ್ರಾ" ಎಂದರು. "ಕನಸು ಅಂದ್ರಿ. ಒಬ್ಬರೂ ಎಲೆಗೆ ಕೈ ಹಾಕೂದಿಲ್ಲ."

ಊಟದಿಂದ ಇದು ಬರುವುದಿಲ್ಲ ಎಂದು ಹೇಳಬಹುದಿತ್ತು. ಅದು ಅವರಿಗೂ ಗೊತ್ತಿತ್ತು. ಬೆಳಿಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ, ಬಿಸಿಲಿಗೆ ತಲೆ ತಿರುಗುತ್ತಿತ್ತು.

"ಅಣ್ಣಾ, ನನಗ ಹಸಿವಾಗೇತ್ರಿ" ಎಂದೆ. "ಇಷ್ಟು ವರ್ಷ ಆತು, ನಿಮ್ಮ ಕೈ ಅಡಿಗಿ ಉಂಡಿಲ್ಲ."

ಅವರ ಹೆಂಡತಿ ಏಳಹೊರಟರು. ಅವರು ಕೈ ಸನ್ನೆಯಿಂದ ತಡೆದರು. ತಾವೇ ಎದ್ದು, ಅಂಗಳದ ಮಾವಿನ ಮರದಿಂದ ಕಾಯಿ ಕೊಯ್ದು ತಂದರು. ಒಲೆ ಹೊತ್ತಿಸಿದರು. ಅಪ್ಪೆಹುಳಿ ಮಾಡಿದರು. ಮಾವಿನಕಾಯಿ ಬೇಯಿಸಿ, ಹಿಚುಕಿ, ನೀರು ಸೇರಿಸಿ, ಕೊನೆಗೆ ಇಂಗಿನ ಒಗ್ಗರಣೆ. ಒಗ್ಗರಣೆ ಬಿದ್ದ ಸದ್ದಿಗೆ ಆ ಮನೆ ಎಚ್ಚರಗೊಂಡಂತಾಯಿತು. ನಾನೂ ಅವರ ಹೆಂಡತಿಯೂ ಪಕ್ಕಪಕ್ಕದಲ್ಲಿ ಕೂತು ಉಂಡೆವು. ಅವರು ಬಡಿಸಿದರು. ಅಷ್ಟು ಹುಳಿ, ಅಷ್ಟು ಖಾರ, ಅಷ್ಟು ತೆಳ್ಳಗೆ.

ಹಿತ್ತಿಲ ಬಾಗಿಲಿನಿಂದ ನೆರೆಮನೆಯ ಮುದುಕಿ ಒಳಗೆ ಬಂದರು.

"ಪರಿಮಳ ನಮ್ಮನೆವರೆಗೂ ಬತ್ತಾ ಇದ್ದು. ನಂಗೂ ಒಂದು ಲೋಟ ಕೊಡು ನೋಡನ."

ಅಡುಗೆಯವರು ಸೌಟು ಹಿಡಿದು ನಿಂತೇ ಇದ್ದರು. "ಸುದ್ದಿ ಗೊತ್ತಿಲ್ಯ ಚಿಕ್ಕಮ್ಮ?"

"ಗೊತ್ತಿದ್ದು. ಊರಿಗೇ ಗೊತ್ತಿದ್ದು. ಕೊಡು ಈಗ."

ಮುದುಕಿ ನಿಂತುಕೊಂಡೇ ಕುಡಿದು, ಲೋಟ ಮತ್ತೆ ಮುಂದೆ ಚಾಚಿದರು. ಉಪ್ಪು ಒಂದು ಕಲ್ಲು ಕಡಿಮೆಯಾಯಿತು ಎಂದರು. ಅಡುಗೆಯವರು ಬೆನ್ನು ತಿರುಗಿಸಿ ಒಲೆಯ ಬೆಂಕಿ ಸರಿಮಾಡುತ್ತ ಬಹಳ ಹೊತ್ತು ಬಗ್ಗಿಯೇ ಇದ್ದರು. ಸಂಜೆ ನಾನು ಹೊರಡುವಾಗ ಹೆಂಡತಿಗೆ ಹೇಳುವುದು ಕೇಳಿತು: "ಆನು ನಾಳೆ ಹುಬ್ಬಳ್ಳಿಗೆ ಹೋಗ್ತೆ. ಬೇಗ ಎಬ್ಬಿಸು."

ಎಲ್ಲರೂ ಆ ಮುದುಕಿಯಂತೆ ಇರಲಿಲ್ಲ. ಕೆಲವು ಮನೆಗಳು ಅವರನ್ನು ಮತ್ತೆಂದೂ ಕರೆಯಲಿಲ್ಲ. ಮುದುಕಿಯ ಮೊಮ್ಮಗಳ ಮದುವೆಗೆ ಅವರದೇ ಅಡುಗೆಯಾಯಿತು. ಅಲ್ಲಿಗೆ ಬಂದವರಲ್ಲಿ ಕೆಲವರು ಉಂಡು ಮುಂದೆ ತಮ್ಮಲ್ಲಿಗೂ ಕರೆದರು, ಕೆಲವರು ಅನ್ನ ಮುಟ್ಟದೆ ಬರೀ ಮಜ್ಜಿಗೆ ಕುಡಿದು ಎದ್ದಿದ್ದರು. ಕೆಲಸ ಅರ್ಧಕ್ಕೆ ಇಳಿಯಿತು. ಉಳಿದ ದಿನಗಳಲ್ಲಿ ಗಂಡ ಹೆಂಡತಿ ಸೇರಿ ಉಪ್ಪಿನಕಾಯಿ ಹಾಕಿದರು. ಅವರು ಗುಳಿಗೆ ಮಾತ್ರ ಮತ್ತೆ ಬಿಡಲಿಲ್ಲ.

ಹೊಸ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಗುಳಿಗೆ ಸಿರಸಿಯಲ್ಲೇ ಸಿಗತೊಡಗಿತು. ಹುಬ್ಬಳ್ಳಿಯ ಆ ದೀರ್ಘ ಬಸ್ ಪ್ರಯಾಣಗಳು ನಿಂತವು. ಒಂದು ಬೆಳಿಗ್ಗೆ ಆಸ್ಪತ್ರೆಯ ಹೊರಗೆ ಅವರು ಸಿಕ್ಕರು. ಕೂದಲು ಬೆಳ್ಳಗಾಗಿತ್ತು, ಹೊಟ್ಟೆ ಸ್ವಲ್ಪ ಬಂದಿತ್ತು. ಮುಖದಲ್ಲಿ ಸಿಟ್ಟು.

"ಏನಾತ್ರಿ ಅಣ್ಣಾ?"

"ಸಕ್ಕರೆ ಕಾಯಿಲೆಯಂತೆ ತಂಗಿ! ಆ ದೊಡ್ಡದನ್ನ ಹೇಗೋ ಪಳಗಿಸಿದ್ದೆ. ಇದು ನೋಡಿ, ನನ್ನ ಕೈಯಿಂದ ಪಾಯಸ ಕಿತ್ಕೊಂಡಿತು. ಮಾಡೂದು ನಾನೇ, ರುಚಿ ನೋಡೋ ಹಾಗಿಲ್ಲ!"

ಇದಕ್ಕೂ ಗುಳಿಗೆ ಇದೆಯಲ್ಲ ಎಂದೆ. ಇದೆ, ಆದರೆ ಕನಸೂ ಇಲ್ಲ ಏನೂ ಇಲ್ಲ, ಬರೀ ಒಣ ಗುಳಿಗೆ ಎಂದರು. ಬಯ್ಯುತ್ತಲೇ ರಸ್ತೆ ದಾಟಿ, ಹೆಂಡತಿ ಹೇಳಿದ್ದ ಹಾಗಲಕಾಯಿ ಕೊಳ್ಳಲು ಸಂತೆಯ ಕಡೆ ನಡೆದರು.